ದೋಣಿಯಲ್ಲಿ ಬೆಳೆಯುವ ಬೆಕ್ಕಿನ ಮರಿಗೆ ನಿಯಮ ಕಲಿಸುವುದು ಹೇಗೆ?

ಪ್ರಶ್ನೆ: ನಾವು ಗಂಡ ಹೆಂಡತಿ 10 ಮೀಟರ್ ಉದ್ದದ ಹಾಯಿದೋಣಿಯಲ್ಲೇ ವಾಸವಾಗಿದ್ದೇವೆ. ಬೆಕ್ಕಿನ ಮರಿ ತಂದು ಮೂರು ವಾರವಾಯಿತು, ಈಗ ಅದಕ್ಕೆ 13 ವಾರ. ಒಲೆಯ ಮೇಲೆ ಹತ್ತುತ್ತದೆ, ಹಾಯಿಯ ಹಗ್ಗಗಳನ್ನು ಪರಚುತ್ತದೆ, ಕ್ಯಾಬಿನ್ ಬಾಗಿಲು ತೆರೆದರೆ ಸಾಕು ಡೆಕ್ಕಿಗೆ ಓಡುತ್ತದೆ, ರಾತ್ರಿ ಮೂರು ಗಂಟೆಗೆ ಎದ್ದು ಕೂಗುತ್ತದೆ. ಗದರಿದೆವು, ಮುಖಕ್ಕೆ ನೀರು ಚಿಮುಕಿಸಿದೆವು. ಈಗ ನಮ್ಮನ್ನು ಕಂಡರೆ ಎಂಜಿನ್ ಹಿಂದೆ ಹೋಗಿ ಅಡಗುತ್ತದೆ. ಬೆಕ್ಕಿಗೆ ನಿಯಮ ಕಲಿಸಲು ಸಾಧ್ಯವೇ? ಅದನ್ನು ಡೆಕ್ ಮೇಲೆ ಯಾವಾಗ ಬಿಡಬಹುದು?

ಉತ್ತರ: ಸಾಧ್ಯ. 13 ವಾರ ಕಲಿಕೆಗೆ ಒಳ್ಳೆಯ ವಯಸ್ಸು. ಆದರೆ ಮೊದಲು ನೀರು ಚಿಮುಕಿಸುವುದನ್ನೂ ಗದರುವುದನ್ನೂ ಇವತ್ತೇ ನಿಲ್ಲಿಸಿ. ಗದರಿಕೆಯಿಂದ ಮರಿ "ಒಲೆ ಹತ್ತಬಾರದು" ಎಂದು ಕಲಿಯುವುದಿಲ್ಲ. "ಇವರು ಎದುರಿಗಿದ್ದಾಗ ಒಲೆ ಹತ್ತಿದರೆ ಅಪಾಯ" ಎಂದು ಕಲಿಯುತ್ತದೆ. ನೀವು ಮಲಗಿದ ಮೇಲೆ ಹತ್ತಿಯೇ ಹತ್ತುತ್ತದೆ. ಮನೆಯಲ್ಲಾದರೆ ಹೆದರಿದ ಬೆಕ್ಕು ಮಂಚದ ಕೆಳಗೆ ಹೋಗಿ ಕೂರುತ್ತದೆ, ಅಷ್ಟೇ. ದೋಣಿಯಲ್ಲಿ ಅದು ಹೋಗುವ ಜಾಗಗಳು ಬೇರೆ: ಎಂಜಿನ್ ಬೆಲ್ಟಿನ ಪಕ್ಕ, ತಳದ ಬಿಲ್ಜ್ ಗುಂಡಿ, ಲಂಗರಿನ ಸರಪಳಿಯ ಪೆಟ್ಟಿಗೆ, ಮಡಚಿಟ್ಟ ಹಾಯಿಯ ಒಳಪದರ, ಇಲ್ಲವೇ ನೀರು. ದೋಣಿಯಲ್ಲಿ ಬೆಕ್ಕನ್ನು ಹೆದರಿಸುವುದೆಂದರೆ ಅದನ್ನು ಇಂಥ ಜಾಗಗಳಿಗೆ ಅಟ್ಟುವುದು. ನಿಮ್ಮ ಮರಿ ಈಗಾಗಲೇ ಎಂಜಿನ್ ಹಿಂದೆ ಸೇರಿಕೊಳ್ಳುತ್ತಿರುವುದರಿಂದ ಮೊದಲ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಎಂಜಿನ್ ಕೋಣೆಗೆ ಹೋಗುವ ಪ್ರತಿ ಸಂದನ್ನೂ ಟಾರ್ಚ್ ಹಿಡಿದು ಹುಡುಕಿ. ಮರಿಯ ತಲೆ ತೂರಿದರೆ ಮೈಯೂ ತೂರುತ್ತದೆ, ಆದ್ದರಿಂದ 3 ಸೆಂಟಿಮೀಟರಿಗಿಂತ ದೊಡ್ಡ ಕಂಡಿಗಳನ್ನೆಲ್ಲ ಮುಚ್ಚಬೇಕು. ಗಾಳಿ ಆಡಬೇಕಾದ ಕಡೆ ಹಲಗೆ ಬಡಿಯಬೇಡಿ, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಹಾಕಿ ಸ್ಕ್ರೂ ಬಿಗಿಯಿರಿ. ಎಲ್ಲರ ಕಣ್ಣು ತಪ್ಪುವ ಕಂಡಿ ಸಾಮಾನ್ಯವಾಗಿ ಮೆಟ್ಟಿಲಿನ ಹಿಂಬದಿಯಲ್ಲಿ, ಪೈಪು ಮತ್ತು ವೈರುಗಳು ಹಾದುಹೋಗುವ ಕಡೆ ಇರುತ್ತದೆ. ಮುಚ್ಚುವ ಮುನ್ನ ಮರಿ ಹೊರಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಅಡಗುವ ಜಾಗವನ್ನು ಕಸಿದುಕೊಂಡ ಮೇಲೆ ಬೇರೆ ಎರಡು ಕೊಡಲೇಬೇಕು. ಒಂದು, ಬಾಗಿಲು ಸದಾ ತೆರೆದಿರುವ, ಮೇಲೆ ಬಟ್ಟೆ ಹೊದಿಸಿದ ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆ. ಇನ್ನೊಂದು, ಎತ್ತರದಲ್ಲಿ ಅಂಚುಕಟ್ಟಿರುವ ಒಂದು ಗೂಡು. ಮುಂದಿನ ಒಂದು ವಾರ ಮರಿಯನ್ನು ಎಳೆದು ಎತ್ತಿಕೊಳ್ಳಬೇಡಿ. ನೆಲದ ಮೇಲೆ ಕುಳಿತು, ಅದರ ಕಡೆ ನೆಟ್ಟ ನೋಟ ಬೀರದೆ, ಬೇಯಿಸಿದ ಕೋಳಿಯ ಚೂರೊಂದನ್ನು ಅದರ ಹತ್ತಿರಕ್ಕೆ ಎಸೆಯಿರಿ. ತಾನಾಗಿ ಬಂದು ಕೈ ಮೂಸುವವರೆಗೆ ಕಾಯಿರಿ. ಹೆದರಿಕೆ ಹೊಸದಾಗಿರುವುದರಿಂದ ಇದಕ್ಕೆ ಹೆಚ್ಚು ದಿನ ಹಿಡಿಯಲಾರದು.

ಜೊತೆಗೆ ನಿಮಗೇ ಒಂದು ನಿಯಮ ಹಾಕಿಕೊಳ್ಳಿ: ಬೆಕ್ಕು ಎಲ್ಲಿದೆ ಎಂದು ಕಣ್ಣಾರೆ ನೋಡದೆ ಎಂಜಿನ್ ಕೀಲಿ ತಿರುಗಿಸಬಾರದು, ಪೆಟ್ಟಿಗೆಗಳ ಮುಚ್ಚಳ ಹಾಕಬಾರದು, ಹಾಯಿ ಏರಿಸಬಾರದು, ಲಂಗರಿನ ಯಂತ್ರ ಒತ್ತಬಾರದು. "ಇಲ್ಲೇ ಎಲ್ಲೋ ಇರಬೇಕು" ಎನ್ನುವ ಅಂದಾಜು ಸಾಲದು. ಸುಲಭದ ಉಪಾಯವೆಂದರೆ, ಎಂಜಿನ್ ಕೀಲಿಯನ್ನು ಕ್ಯಾರಿಯರಿನ ಹಿಡಿಗೆ ಕಟ್ಟಿಡುವುದು. ಕೀಲಿ ಬಿಚ್ಚಲು ಹೋದಾಗಲೇ ಬೆಕ್ಕಿನ ನೆನಪಾಗುತ್ತದೆ.

ಇನ್ನು ನಿಯಮಗಳ ವಿಚಾರ. ದೋಣಿಯಲ್ಲಿ ಬೇಕಾದ ನಿಯಮಗಳು ಎರಡು ಜಾತಿಯವು. ಬೆಕ್ಕು ತಪ್ಪಿದರೆ ಕಿರಿಕಿರಿಯಷ್ಟೇ ಆಗುವಂಥವು ಮೊದಲನೆಯವು, ಅಂದರೆ ಅಡುಗೆ ಕಟ್ಟೆ, ಹಗ್ಗ, ರಾತ್ರಿಯ ಕೂಗು. ಇವನ್ನು ತರಬೇತಿಗೆ ಬಿಡಬಹುದು. ಒಂದೇ ಒಂದು ಸಲ ತಪ್ಪಿದರೂ ಜೀವ ಹೋಗುವಂಥವು ಎರಡನೆಯವು: ನೀರಿಗೆ ಬೀಳುವುದು, ಬಿಸಿ ಒಲೆ, ಓಡುತ್ತಿರುವ ಎಂಜಿನ್. ಇವನ್ನು ಬಲೆ, ಬಾಗಿಲು, ಬೀಗ, ಮೈಗೆ ತೊಡಿಸುವ ಪಟ್ಟಿಯಾದ ಹಾರ್ನೆಸ್‌ಗಳಿಗೆ ವಹಿಸಬೇಕು. ತರಬೇತಿ ಅದರ ಮೇಲಿನ ಹೆಚ್ಚುವರಿ ಭದ್ರತೆ ಮಾತ್ರ. ಎಷ್ಟೇ ಚೆನ್ನಾಗಿ ಕಲಿತ ಬೆಕ್ಕಾದರೂ ಹಕ್ಕಿ ಹಾರಿದ ಕ್ಷಣ ಎಲ್ಲವನ್ನೂ ಮರೆತು ಜಿಗಿಯುತ್ತದೆ. ಅದು ಅವಿಧೇಯತೆಯಲ್ಲ, ಅದರ ಹುಟ್ಟುಗುಣ.

ಕಲಿಸುವ ವಿಧಾನದಲ್ಲಿ ಮುಖ್ಯವಾದುದು ಸಮಯ. ಸರಿಯಾದ ಕೆಲಸ ಮಾಡಿದ ಒಂದೆರಡು ಸೆಕೆಂಡಿನೊಳಗೆ ಬಹುಮಾನ ಸಿಕ್ಕರೆ ಮಾತ್ರ ಬೆಕ್ಕು ಎರಡನ್ನೂ ಜೋಡಿಸಿಕೊಳ್ಳುತ್ತದೆ. ಡಬ್ಬಿ ತೆಗೆದು ಚೂರು ಹುಡುಕುವಷ್ಟರಲ್ಲಿ ಅದು ಬೇರೇನನ್ನೋ ಮಾಡುತ್ತಿರುತ್ತದೆ. ಅದಕ್ಕಾಗಿ ಒಂದು ಗುರುತಿನ ಸದ್ದು ಬೇಕು. ಒತ್ತಿದರೆ ಸದ್ದು ಮಾಡುವ ಕ್ಲಿಕ್ಕರ್ ಆಗಬಹುದು, ನಾಲಿಗೆಯಿಂದ ಮಾಡುವ "ಟಕ್" ಸದ್ದೂ ಆಗಬಹುದು. ದೋಣಿಯಲ್ಲಿ ಒಂದು ಕೈ ಸದಾ ಹಿಡಿಕೆಯ ಮೇಲಿರಬೇಕಾದ್ದರಿಂದ ನಾಲಿಗೆಯ ಸದ್ದೇ ಒಳ್ಳೆಯದು. ಮೊದಲ ಎರಡು ದಿನ ಬರೀ ಸದ್ದು, ತಿನಿಸು, ಸದ್ದು, ತಿನಿಸು. ಒಂದು ಬಾರಿಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಸದ್ದು ಕೇಳಿದೊಡನೆ ಮರಿ ನಿಮ್ಮ ಕೈಯತ್ತ ನೋಡತೊಡಗಿದರೆ ಅಷ್ಟು ಕಲಿತಿದೆ ಎಂದರ್ಥ. ತಿನಿಸಿನ ಚೂರು ಬಟಾಣಿ ಕಾಳಿನ ಅರ್ಧದಷ್ಟಿರಲಿ. ಪಾಠ ಎರಡು ಮೂರು ನಿಮಿಷ ಮೀರದಿರಲಿ, ಊಟಕ್ಕೆ ಮುಂಚೆ ಇರಲಿ. ಈ ವಯಸ್ಸಿನ ಮರಿಗೆ ದಿನಕ್ಕೆ ನಾಲ್ಕು ಊಟ ಬೇಕು. ಅದರಲ್ಲಿ ಒಂದು ಊಟವನ್ನೇ ಚೂರು ಚೂರಾಗಿ ಪಾಠಕ್ಕೆ ಬಳಸಿದರೆ ಬೊಜ್ಜಿನ ಭಯವಿಲ್ಲ. ಬೇರೆ ತಿನಿಸು ಕೊಡುವುದಾದರೆ ದಿನದ ಒಟ್ಟು ಆಹಾರದ ಹತ್ತನೇ ಒಂದು ಭಾಗ ದಾಟಬೇಡಿ.

ದೋಣಿಯ ಬೆಕ್ಕಿಗೆ ಕಲಿಸಬೇಕಾದ ಪಾಠಗಳಲ್ಲಿ ನಮ್ಮ ಲೆಕ್ಕದಲ್ಲಿ ಮೊದಲ ಸ್ಥಾನ ಚಾಪೆಗೆ. "ಅಲ್ಲಿಗೆ ಹೋಗಬೇಡ" ಎಂಬುದು ಬೆಕ್ಕಿಗೆ ಅರ್ಥವಾಗದ ಮಾತು. "ಇಲ್ಲಿ ಇರು" ಎಂಬುದು ಅರ್ಥವಾಗುತ್ತದೆ. ಸುಮಾರು 30×40 ಸೆಂಟಿಮೀಟರಿನ, ಅಡಿಯಲ್ಲಿ ರಬ್ಬರ್ ಇರುವ, ಜಾರದ ಚಾಪೆ ತೆಗೆದುಕೊಳ್ಳಿ. ಅದನ್ನು ಕ್ಯಾಬಿನ್ನಿನ ನಡುಭಾಗದಲ್ಲಿ, ತಗ್ಗಿನಲ್ಲಿ ಹಾಕಿ. ದೋಣಿಯ ಓಲಾಟ ಅಲ್ಲಿಯೇ ಕಡಿಮೆ. ದೋಣಿಯ ಮುಂತುದಿಯಲ್ಲಿ ಅಲೆಗೆ ಎತ್ತಿ ಕುಕ್ಕುವುದು ಹೆಚ್ಚು. ಚಾಪೆಯ ಕಡೆ ಮರಿ ನೋಡಿದರೆ "ಟಕ್", ಚೂರು. ಒಂದು ಕಾಲಿಟ್ಟರೆ "ಟಕ್", ಚೂರು. ನಾಲ್ಕೂ ಕಾಲಿಟ್ಟರೆ ಎರಡು ಚೂರು. ಪ್ರತಿ ಸಲವೂ ಒಂದು ಚೂರನ್ನು ಚಾಪೆಯಾಚೆ ಎಸೆಯಿರಿ, ಅದನ್ನು ತಿಂದು ತಾನಾಗಿ ಮರಳಿ ಬರಲಿ. ಬರುವುದು ಖಚಿತವಾದ ಮೇಲಷ್ಟೇ "ಚಾಪೆ" ಎನ್ನುವ ಮಾತು ಸೇರಿಸಿ. ಆಮೇಲೆ ಕೂರುವ ಹೊತ್ತನ್ನು ಮೂರು ಸೆಕೆಂಡು, ಐದು, ಹತ್ತು, ಮತ್ತೆ ಐದು, ಹದಿನೈದು ಎಂದು ಹಿಂದೆಮುಂದೆ ಮಾಡುತ್ತ ಬೆಳೆಸಿ. ಒಂದೇ ಸಮನೆ ಏರಿಸುತ್ತ ಹೋದರೆ ಮರಿ ಬೇಸತ್ತು ಎದ್ದು ಹೋಗುತ್ತದೆ. ಎದ್ದು ಹೋದರೆ ಏನೂ ಅನ್ನಬೇಡಿ, ಚೂರು ನಿಲ್ಲಿಸಿ ಸಾಕು. ಮೂರು ಸಲ ಸಾಲಾಗಿ ಎದ್ದು ಹೋಯಿತೆಂದರೆ ನೀವು ಅವಸರ ಮಾಡಿದ್ದೀರಿ, ಹಿಂದಿನ ಹಂತಕ್ಕೆ ಇಳಿಯಿರಿ. ಚಾಪೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಕಾಕ್‌ಪಿಟ್ಟಿನಲ್ಲಿ (ಚುಕ್ಕಾಣಿ ಹಿಡಿದು ಕೂರುವ ಜಾಗ) ಹಾಸಿದರೆ ಅಲ್ಲಿ ಕೂರುತ್ತದೆ, ಕ್ಯಾರಿಯರಿನೊಳಗೆ ಹಾಸಿದರೆ ಕ್ಯಾರಿಯರಿಗೇ ಹೋಗುತ್ತದೆ.

ಈಗ ಒಲೆಗೆ ಬನ್ನಿ. ಬೆಕ್ಕು ಅಲ್ಲಿ ಹತ್ತುವುದಕ್ಕೆ ಮೂರು ಕಾರಣ: ಎತ್ತರ, ಬೆಚ್ಚನೆ, ವಾಸನೆ. ಎತ್ತರ ಬೇಕಾದರೆ ಅಡುಗೆ ಕಟ್ಟೆಗಿಂತ ಮೇಲೆ, ಐದಾರು ಸೆಂಟಿಮೀಟರಿನ ತಡೆಯಂಚಿರುವ ಮೆತ್ತನೆಯ ಗೂಡು ಕೊಡಿ. ಬೆಚ್ಚಗಿರಲು ಅದರಲ್ಲಿ ಉಣ್ಣೆಯ ಹೊದಿಕೆ ಇಡಿ. ವಾಸನೆ ಹೋಗಲು ಪ್ರತಿ ಅಡುಗೆಯಾದ ಮೇಲೆ ಎಣ್ಣೆಪಸೆ ಒರೆಸಿ, ಪಾತ್ರೆ ಮುಚ್ಚಿಡಿ. ಕಟ್ಟೆಯ ಮೇಲೆ ಒಮ್ಮೆ ಮೀನಿನ ತುಣುಕು ಸಿಕ್ಕಿದರೆ ಮುಂದಿನ ಎರಡು ವಾರ ಮರಿ ಅಲ್ಲಿ ಹುಡುಕುತ್ತಲೇ ಇರುತ್ತದೆ. ಕಟ್ಟೆಯಂಚಿಗೆ ಎರಡೂ ಬದಿ ಅಂಟುವ ಟೇಪನ್ನು ಹತ್ತು ದಿನ ಹಚ್ಚಿಡಬಹುದು. ಪಾದಕ್ಕೆ ಅಂಟುವುದು ಬೆಕ್ಕಿಗೆ ಹಿಡಿಸುವುದಿಲ್ಲ, ಮತ್ತು ಆ ಅನುಭವಕ್ಕೂ ನಿಮಗೂ ಅದು ನಂಟು ಹಚ್ಚುವುದಿಲ್ಲ. ಒಲೆಗೆ ಮಾತ್ರ ಟೇಪು ಬೇಡ, ಬಿಸಿಗೆ ಕರಗುತ್ತದೆ.

ಹಾಯಿದೋಣಿಯ ಒಲೆ ಸಾಮಾನ್ಯವಾಗಿ ತೂಗುಗಂಬಿಗಳ ಮೇಲೆ ಕೂತಿರುತ್ತದೆ, ದೋಣಿ ವಾಲಿದರೂ ಅದು ಸಮವಾಗಿರಲೆಂದು. ಅದರ ಅಂಚಿಗೆ ಮರಿ ಜಿಗಿದರೆ ಒಲೆ ತೂಗಾಡುತ್ತದೆ, ಮೇಲಿದ್ದ ಕುದಿಯುವ ಪಾತ್ರೆ ಮಗುಚುತ್ತದೆ. ಆದ್ದರಿಂದ ಲಂಗರು ಹಾಕಿದಾಗ ತೂಗು ತಡೆಯುವ ಚಿಲಕ ಹಾಕಿಡಿ. ಯಾನದಲ್ಲಿ ಅಡುಗೆ ಮಾಡುವಾಗ ಮರಿ ಮುಂದಿನ ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡಿರಲಿ, ಇದರಲ್ಲಿ ರಿಯಾಯಿತಿ ಬೇಡ. ಅಡುಗೆ ಮುಗಿದ ಮೇಲೆ ಬರ್ನರ್ ಆರುವವರೆಗೆ ಅದರ ಮೇಲೆ ತಣ್ಣೀರಿನ ಕೆಟಲ್ ಇಡಿ. ಗ್ಯಾಸನ್ನು ಸಿಲಿಂಡರಿನಲ್ಲೇ ಮುಚ್ಚಿ. ಗುಂಡಿಯ ಮೇಲೆ ಪಂಜ ಇಟ್ಟು ತಿರುಗಿಸುವ ಬೆಕ್ಕುಗಳಿವೆ, ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೇರ ಬಿಲ್ಜಿಗೆ ಇಳಿದು ಅಲ್ಲೇ ತುಂಬಿಕೊಳ್ಳುತ್ತದೆ. ಚಾಪೆ ಪಾಠವನ್ನು ಒಲೆಗೆ ಜೋಡಿಸುವಾಗ ತಣ್ಣನೆಯ ಒಲೆಯ ಮುಂದೆ ಸುಮ್ಮನೆ ನಿಂತು ಶುರುಮಾಡಿ. ಆಮೇಲೆ ಪಾತ್ರೆಯ ಸದ್ದು, ಆಮೇಲೆ ನೀರು ಕಾಯಿಸುವುದು, ಕೊನೆಗೆ ನಿಜವಾದ ಅಡುಗೆ. ಮೊದಮೊದಲು ಹತ್ತು ಸೆಕೆಂಡಿಗೊಂದು ಚೂರು, ಕ್ರಮೇಣ ಎರಡು ನಿಮಿಷಕ್ಕೊಂದು. ನಿಮ್ಮಿಬ್ಬರಲ್ಲಿ ಒಬ್ಬರು ಮುದ್ದಿಗೆಂದು ಕಟ್ಟೆಯ ಮೇಲೆ ಕೂರಿಸಿಕೊಂಡರೆ ಇಷ್ಟೂ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ.

ಹಗ್ಗ ಪರಚುವುದನ್ನು ನಿಲ್ಲಿಸಲಾಗದು, ಜಾಗ ಬದಲಿಸಬಹುದು. ಪರಚುವುದು ಉಗುರಿನ ಹೊರಪದರ ಕಳಚಲು, ಮೈಮುರಿಯಲು, ತನ್ನ ವಾಸನೆ ಬಿಡಲು. ಇಲ್ಲಿ ಅನೇಕರು ಮಾಡುವ ತಪ್ಪೊಂದಿದೆ: ಹಳೆಯ ಹಾಯಿ ಹಗ್ಗವನ್ನೇ ಕಂಬಕ್ಕೆ ಸುತ್ತಿ ಪರಚಲು ಕೊಡುವುದು. ಬೆಕ್ಕು ಗುರುತಿಡುವುದು ಕಾಲಡಿಯ ಸ್ಪರ್ಶವನ್ನು. ಪಾಲಿಯೆಸ್ಟರ್ ಹಗ್ಗ ಪರಚಬಹುದೆಂದು ಕಂಬದ ಮೇಲೆ ಕಲಿತರೆ ಡೆಕ್ ಮೇಲಿನ ಪಾಲಿಯೆಸ್ಟರ್ ಹಗ್ಗವೂ ಅದಕ್ಕೆ ಅದೇ. ಆದ್ದರಿಂದ ದೋಣಿಯಲ್ಲಿ ಬೇರೆಲ್ಲೂ ಇಲ್ಲದ ವಸ್ತು ಕೊಡಿ: ಒರಟಾದ ಕತ್ತಾಳೆ ನಾರಿನ ಹಗ್ಗ ಅಥವಾ ಕಾರ್ಪೆಟ್ಟಿನ ಹಿಂಬದಿ. ಕ್ಯಾಬಿನ್ನಿನೊಳಗೆ ಹಾಯಿಕಂಬದ ಆಧಾರಗಂಬ ಇದ್ದರೆ ಅದಕ್ಕೇ ಸುತ್ತಿ. ಅಲುಗದ ಕಂಬವೇ ಬೆಕ್ಕಿಗೆ ಇಷ್ಟ. ಸುತ್ತು ನೆಲದಿಂದ 80 ಸೆಂಟಿಮೀಟರಿನವರೆಗೆ ಇರಲಿ, ಮರಿ ಬೆಳೆದು ಮೈಚಾಚಿದಾಗಲೂ ಸಾಲುತ್ತದೆ. ನಿದ್ದೆಯಿಂದ ಎದ್ದ ಕೂಡಲೇ ಬೆಕ್ಕು ಪರಚುತ್ತದೆ, ಹಾಗಾಗಿ ಮಲಗುವ ಜಾಗಕ್ಕೆ ಹತ್ತಿರವಿರಲಿ. ಡೆಕ್ ಮೇಲಿನ ಹಗ್ಗಗಳನ್ನು ಸುರುಳಿ ಸುತ್ತಿ ಚೀಲದಲ್ಲಿಡಿ. ನೇತಾಡುವ ತುದಿ ಬೆಕ್ಕಿನ ಕಣ್ಣಿಗೆ ಆಟಿಕೆ. ಉಗುರಿನ ಚೂಪು ತುದಿಯನ್ನು ಎರಡು ವಾರಕ್ಕೊಮ್ಮೆ ಕತ್ತರಿಸಿ, ಒಳಗೆ ಕಾಣುವ ಗುಲಾಬಿ ಭಾಗಕ್ಕೆ ತಾಗಬಾರದು. ಉಗುರನ್ನೇ ಬುಡಸಹಿತ ತೆಗೆಸುವ ಯೋಚನೆ ಬೇಡವೇ ಬೇಡ. ನೀರಿಗೆ ಬಿದ್ದಾಗ ಹತ್ತಿ ಬರಲು ಅದಕ್ಕಿರುವ ಸಾಧನ ಉಗುರು ಮಾತ್ರ.

ಎರಡನೆಯ ದೊಡ್ಡ ಪಾಠ, ಕರೆದಾಗ ಬರುವುದು. ಹೆಸರು ಹಿಡಿದು ಕೂಗಿದರೆ ಗಾಳಿ ಮತ್ತು ಎಂಜಿನ್ ಸದ್ದಿನಲ್ಲಿ ಮುಳುಗುತ್ತದೆ. ಬೆಕ್ಕಿನ ಕಿವಿ ಕೀರಲು ಸದ್ದಿಗೆ ತುಂಬ ಚುರುಕು, ಮನುಷ್ಯರಿಗೆ ಕೇಳುವ 20 ಕಿಲೋಹರ್ಟ್ಸ್ ಮಿತಿಯನ್ನು ಎಷ್ಟೋ ದಾಟಿ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಕೀರಲು ದನಿಯ ಸೀಟಿ ಒಳ್ಳೆಯದು. ಲೈಫ್ ಜಾಕೆಟ್ಟಿಗೆ ಕಟ್ಟಿರುವ ಅಪಾಯದ ಸೀಟಿಯನ್ನು ಮಾತ್ರ ಬಳಸಬೇಡಿ, ಎರಡಕ್ಕೂ ಬೇರೆ ಬೇರೆ ಸದ್ದಿರಲಿ. ಮರಿ ಪಕ್ಕದಲ್ಲೇ ಇದ್ದಾಗ ಒಮ್ಮೆ ಊದಿ, ಅದಕ್ಕೆ ಅತ್ಯಂತ ಇಷ್ಟವಾದ ತಿನಿಸು ಕೊಡಿ. ಆ ತಿನಿಸು ಬೇರೆ ಯಾವ ಹೊತ್ತಿನಲ್ಲೂ ಸಿಗಬಾರದು. ನಾಲ್ಕೈದು ದಿನದ ನಂತರ ಒಂದು ಮೀಟರ್ ದೂರದಿಂದ, ಆಮೇಲೆ ಪಕ್ಕದ ಕ್ಯಾಬಿನ್ನಿನಿಂದ, ಆಮೇಲೆ ಎಂಜಿನ್ ಮಂದವಾಗಿ ಓಡುತ್ತಿರುವಾಗ. ಒಂದೇ ಸಲ ಊದಿ. ಬರದಿದ್ದರೆ ಮತ್ತೆ ಮತ್ತೆ ಊದಬೇಡಿ, ಸೀಟಿಗೆ ಬೆಲೆಯಿಲ್ಲವೆಂದು ಕಲಿಯುತ್ತದೆ. ಔಷಧಿ ಕುಡಿಸಲು, ಉಗುರು ಕತ್ತರಿಸಲು, ಕ್ಯಾರಿಯರಿಗೆ ತುಂಬಲು ಸೀಟಿ ಊದಿ ಕರೆಯಲೇಬೇಡಿ. ಬೇರೆ ಪಾಠಗಳಲ್ಲಿ ತಿನಿಸು ಕಡಿಮೆ ಮಾಡುತ್ತ ಹೋಗಬಹುದು, ಸೀಟಿಗೆ ಮಾತ್ರ ಬೆಕ್ಕು ಬದುಕಿರುವವರೆಗೆ ಪ್ರತಿ ಸಲವೂ ಕೊಡಬೇಕು.

ಬಾಗಿಲಿನ ನಿಯಮ ಹೀಗಿರಲಿ: ಹಾರ್ನೆಸ್ ಇಲ್ಲದೆ ಮೆಟ್ಟಿಲು ದಾಟುವಂತಿಲ್ಲ. ಮರಿ ಚಾಪೆಯ ಮೇಲಿದ್ದಾಗ ಬಾಗಿಲ ಹಲಗೆ ತೆಗೆಯಲು ಕೈಹಾಕಿ. ನುಗ್ಗಿದರೆ ಹಲಗೆ ಮತ್ತೆ ಇಳಿಯುತ್ತದೆ, ಕಾಲು ಸಿಕ್ಕಿಕೊಳ್ಳದಂತೆ ನಿಧಾನವಾಗಿ. ಕೂತಿದ್ದರೆ ಹಲಗೆ ಮೇಲೇಳುತ್ತದೆ, ಜೊತೆಗೆ ಚೂರು. ನುಗ್ಗಿದರೆ ಮುಚ್ಚುತ್ತದೆ, ಕೂತರೆ ತೆರೆಯುತ್ತದೆ ಎಂಬುದನ್ನು ಮರಿ ಬೇಗ ಹಿಡಿಯುತ್ತದೆ. ಬಾಗಿಲ ಮುಂದೆ ನಿಂತು ಕೂಗುವಾಗ ಒಂದೇ ಒಂದು ಸಲ ಸೋತು ತೆರೆದಿರೋ, ಇನ್ನೂ ಜಾಸ್ತಿ ಹೊತ್ತು ಕೂಗಬೇಕೆಂದು ನೀವೇ ಕಲಿಸಿದಂತಾಗುತ್ತದೆ.

ಹಾರ್ನೆಸ್ ಅಂಗಿಯಂತೆ ಎದೆ ಬೆನ್ನು ಎರಡನ್ನೂ ಸುತ್ತುವಂಥದ್ದಿರಲಿ. ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸರಿ. ಅದಕ್ಕಿಂತ ಸಡಿಲವಾದರೆ ಬೆಕ್ಕು ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುತ್ತದೆ. ಮರಿ ವಾರ ವಾರಕ್ಕೂ ಬೆಳೆಯುತ್ತಿರುವುದರಿಂದ ವಾರಕ್ಕೊಮ್ಮೆ ಅಳತೆ ನೋಡಿ. ಮೊದಲ ಎರಡು ದಿನ ಅದನ್ನು ಊಟದ ಬಟ್ಟಲಿನ ಪಕ್ಕ ಇಡಿ, ಮೂರನೆಯ ದಿನ ಬೆನ್ನ ಮೇಲೆ ಹೊದಿಸಿ ತೆಗೆಯಿರಿ, ಆಮೇಲೆ ಅರ್ಧ ನಿಮಿಷ ಬಿಗಿದು ತಿನಿಸು ಕೊಡುತ್ತಲೇ ಬಿಚ್ಚಿ. ತೊಟ್ಟ ಕೂಡಲೇ ಮರಿ ನೆಲಕ್ಕೆ ಬಿದ್ದು ಕಲ್ಲಿನಂತೆ ಮಲಗುವುದು ಸಾಮಾನ್ಯ. ಗಾಬರಿಯಾಗಬೇಡಿ, ಆಟಿಕೆ ಆಡಿಸಿ ಎಬ್ಬಿಸಿ. ಹಗ್ಗವನ್ನು ಹಾರ್ನೆಸ್ಸಿಗೆ ಮಾತ್ರ ಕಟ್ಟಬೇಕು, ಕೊರಳಪಟ್ಟಿಗೆ ಎಂದೂ ಕಟ್ಟಬಾರದು.

ಹಗ್ಗದ ಉದ್ದಕ್ಕೆ ಲೆಕ್ಕ ಬೇಕು. 10 ಮೀಟರಿನ ದೋಣಿಯ ಅಗಲ ಸುಮಾರು 3.2 ಮೀಟರ್ ಇರುತ್ತದೆ ಅನ್ನಿ. ನಡುಗೆರೆಯಿಂದ ಅಂಚಿಗೆ 1.6 ಮೀಟರ್. ಬೆಕ್ಕು ಮೈಚಾಚಿದರೆ ಅರ್ಧ ಮೀಟರ್ ಮುಂದೆ ಹೋಗುತ್ತದೆ. ಆದ್ದರಿಂದ ನಡುಗೆರೆಯ ಮೇಲಿನ ಗಟ್ಟಿ ಬಳೆಗೆ ಕಟ್ಟಿ, ಹಗ್ಗ ಒಂದು ಮೀಟರ್ ಮೀರದಂತೆ ನೋಡಿಕೊಳ್ಳಿ. ಅಂಚಿನ ಕಂಬಿಗೆ ಉದ್ದನೆಯ ಹಗ್ಗ ಕಟ್ಟಿದರೆ ಬೆಕ್ಕು ಅಂಚು ದಾಟಿ ಜಿಗಿದು ದೋಣಿಯ ಬದಿಗೆ ನೇತಾಡುತ್ತದೆ, ನೀರಿಗೆ ಬೀಳುವುದಕ್ಕಿಂತ ಅದು ಕೆಟ್ಟದ್ದು. ಕಟ್ಟಿಹಾಕಿದ ಬೆಕ್ಕನ್ನು ಬಿಟ್ಟು ಒಂದು ನಿಮಿಷವೂ ಕೆಳಗಿಳಿಯಬೇಡಿ.

ಬಲೆ ಇನ್ನೊಂದು ಪದರ. ಡೆಕ್ ಸುತ್ತಲಿನ ತಂತಿಬೇಲಿಗೆ 2.5 ಸೆಂಟಿಮೀಟರ್ ಕಣ್ಣಿನ, ಬಿಸಿಲಿಗೆ ಪುಡಿಯಾಗದ ಗಂಟುಬಲೆ ಕಟ್ಟಿ. ಮಕ್ಕಳಿಗೆಂದು ಮಾರುವ ಬಲೆಯ ಕಣ್ಣು ಇದಕ್ಕಿಂತ ದೊಡ್ಡದು, ಮರಿಯ ತಲೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಳ ಅಂಚನ್ನು 15 ಸೆಂಟಿಮೀಟರಿಗೊಂದರಂತೆ ಬಿಗಿಯಿರಿ, ಮರಿ ನುಸುಳುವುದು ಯಾವಾಗಲೂ ಕೆಳಗಿನಿಂದಲೇ. ಬಲೆ ಜಾರಿ ಬೀಳುವುದನ್ನು ತಡೆಯುತ್ತದೆ, ಜಿಗಿಯುವುದನ್ನು ತಡೆಯುವುದಿಲ್ಲ. 60 ಸೆಂಟಿಮೀಟರಿನ ಬೇಲಿ ಬೆಳೆದ ಬೆಕ್ಕಿಗೆ ಏನೇನೂ ಅಲ್ಲ.

ಹೀಗೆಲ್ಲ ಮಾಡಿದ ಮೇಲೂ ಬಿದ್ದರೆ? ಬೆಕ್ಕು ಈಜುತ್ತದೆ, ಆದರೆ ನುಣುಪಾದ ಫೈಬರ್ ಮೈಯನ್ನು ಹತ್ತಲಾರದು. ದಣಿದು ಮುಳುಗುವುದು ಇದರಿಂದಲೇ. ಆಸ್ಟ್ರೇಲಿಯಾ ಖಂಡವನ್ನು ಸುತ್ತಿ ನಕ್ಷೆ ಬರೆದ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್, 1799ರಲ್ಲಿ ಹಡಗಿನಲ್ಲೇ ಹುಟ್ಟಿದ ತನ್ನ ಬೆಕ್ಕು ಟ್ರಿಮ್ ಮರಿಯಾಗಿದ್ದಾಗ ಸಮುದ್ರಕ್ಕೆ ಬಿದ್ದು ಈಜು ಕಲಿತದ್ದನ್ನೂ, ಹಗ್ಗ ಎಸೆದರೆ ಹಿಡಿದು ಹತ್ತಿ ಬರುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಟ್ರಿಮ್ ಬದುಕಿದ್ದು ಉಗುರು ಕಚ್ಚುವ ಹಗ್ಗ ಸಿಕ್ಕಿದ್ದರಿಂದ. ದೋಣಿ ನಿಂತಿರುವಾಗಲೆಲ್ಲ 30 ಸೆಂಟಿಮೀಟರ್ ಅಗಲದ ಹಳೆಯ ಕಾರ್ಪೆಟ್ ಪಟ್ಟಿಗಳನ್ನು ಹಿಂಭಾಗದಲ್ಲೊಂದು, ಎರಡೂ ಬದಿಗೆ ಒಂದೊಂದು ಇಳಿಬಿಡಿ. ಕೆಳತುದಿ ನೀರಿನೊಳಗೆ ಕನಿಷ್ಠ 40 ಸೆಂಟಿಮೀಟರ್ ಮುಳುಗಿರಲಿ, ತೇಲದಂತೆ ಭಾರ ಹೊಲಿಯಿರಿ. ಎಂಜಿನ್ ಶುರುಮಾಡುವ ಮುನ್ನ ಮೇಲೆಳೆದುಕೊಳ್ಳಿ, ಇಲ್ಲದಿದ್ದರೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಎರಡು ತಿಂಗಳಿಗೊಮ್ಮೆ ಜಗ್ಗಿ ನೋಡಿ, ಕೊಳೆತ ಕಾರ್ಪೆಟ್ ಹರಿಯುತ್ತದೆ.

ಪಟ್ಟಿ ಹತ್ತುವುದನ್ನು ಮೊದಲು ಒಣನೆಲದಲ್ಲಿ ಕಲಿಸಿ. ಕ್ಯಾಬಿನ್ನಿನಲ್ಲಿ ಅದೇ ಕಾರ್ಪೆಟ್ಟಿನ ತುಂಡು ನೇತುಹಾಕಿ, ಮೇಲ್ತುದಿಯಲ್ಲಿ ತಿನಿಸಿಡಿ. ಮರಿಗೆ ನಾಲ್ಕೈದು ತಿಂಗಳಾದ ಮೇಲೆ, ಬೆಚ್ಚನೆಯ ಶಾಂತ ನೀರಿನಲ್ಲಿ, ಲೈಫ್ ಜಾಕೆಟ್ ತೊಡಿಸಿ, ಕೈಯಲ್ಲಿ ಹಿಡಿದುಕೊಂಡೇ ಮುಂಗಾಲುಗಳನ್ನು ಪಟ್ಟಿಯ ಮೇಲಿಡಿ. ಹಿಂಗಾಲು ಮಾತ್ರ ಒದ್ದೆಯಾಗಲಿ. ತಾನೇ ಹತ್ತಿ ಬಂದರೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಹೊಟ್ಟೆತುಂಬ ಮೆಚ್ಚಿನ ತಿನಿಸು ಕೊಡಿ. ಎರಡು ಮೂರು ಬಾರಿ ಸಾಕು. ನೀರಿಗೆ ಎಸೆದು ಕಲಿಸಿ ಎನ್ನುವವರ ಮಾತು ಕೇಳಬೇಡಿ. ಅದು ಕ್ರೌರ್ಯ, ಮೇಲಾಗಿ ಗಾಬರಿಯಲ್ಲಿ ಬೆಕ್ಕು ಏನನ್ನೂ ಕಲಿಯದು. ಉದ್ದ ಹಿಡಿಯ ದೊಡ್ಡ ಮೀನುಬಲೆಯೊಂದು ಕೈಗೆಟುಕುವ ಕಡೆ ಇರಲಿ. ಗಾಬರಿಗೊಂಡ ಬೆಕ್ಕನ್ನು ಬರಿಗೈಯಲ್ಲಿ ಎತ್ತಲು ಹೋದರೆ ಕೈ ಸೀಳುತ್ತದೆ.

ಎಂಜಿನ್ ಸದ್ದಿಗೆ ಒಗ್ಗಿಸುವುದೂ ಹೀಗೆ ಹಂತ ಹಂತವಾಗಿ. ಸದ್ದನ್ನು ಧ್ವನಿಮುದ್ರಿಸಿ ಊಟದ ಹೊತ್ತಿನಲ್ಲಿ ಸಣ್ಣಗೆ ಕೇಳಿಸಬಹುದು, ಆದರೆ ಹಲಗೆಯಲ್ಲಿ ಹರಡುವ ನಡುಕ ಅದರಲ್ಲಿ ಬರುವುದಿಲ್ಲ, ಮರಿಗೆ ಹೆದರಿಕೆ ಹುಟ್ಟಿಸುವುದು ಆ ನಡುಕವೇ. ಆದ್ದರಿಂದ ಕಟ್ಟಿನಿಂತ ದೋಣಿಯಲ್ಲಿ, ಮರಿ ಮುಂದಿನ ಕ್ಯಾಬಿನ್ನಿನಲ್ಲಿ ಮೆಚ್ಚಿನ ಊಟ ಮಾಡುತ್ತಿರುವಾಗ ಎಂಜಿನ್ ಒಂದೇ ನಿಮಿಷ ಓಡಿಸಿ ನಿಲ್ಲಿಸಿ. ತಿನ್ನುವುದನ್ನು ಬಿಟ್ಟು ಕಿವಿ ಚಪ್ಪಟೆ ಮಾಡಿ ಕುಗ್ಗಿತೆಂದರೆ ಇನ್ನೂ ದೂರ, ಇನ್ನೂ ಕಡಿಮೆ ಹೊತ್ತು. ತಿನ್ನುತ್ತಲೇ ಇದ್ದರೆ ಮರುದಿನ ಎರಡು ನಿಮಿಷ. ಯಾನದ ದಿನ ಜೊಲ್ಲು ಸುರಿಸಿ ವಾಂತಿ ಮಾಡಿದರೆ ಅದು ಕಡಲಜಾಡ್ಯ. ಹೊರಡುವ ಮೂರು ಗಂಟೆ ಮುಂಚೆ ಸ್ವಲ್ಪವೇ ಊಟ ಕೊಡಿ. ಬೆಳೆದ ಬೆಕ್ಕಿನಂತೆ ಮರಿಯನ್ನು ದೀರ್ಘ ಉಪವಾಸ ಕೆಡವಬಾರದು, ರಕ್ತದ ಸಕ್ಕರೆ ಕುಸಿಯುತ್ತದೆ. ಔಷಧಿಯನ್ನು ಪಶುವೈದ್ಯರೇ ತೂಕ ನೋಡಿ ಕೊಡಲಿ, ನಿಮ್ಮ ಮಾತ್ರೆಯ ತುಂಡು ಕೊಡಬೇಡಿ.

ಮಲಮೂತ್ರದ ತಟ್ಟೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ದೋಣಿ ವಾಲಿದಾಗ ತಟ್ಟೆ ಜಾರಿದರೆ ಮರಿ ಮರುದಿನದಿಂದ ಹಾಸಿಗೆಯ ಮೂಲೆ ಹುಡುಕುತ್ತದೆ. ತಟ್ಟೆಯ ಗೋಡೆ ಎತ್ತರವಿರಲಿ, ಒಂದು ಕಡೆ ಮಾತ್ರ ತಗ್ಗು ಬಾಯಿ ಇರಲಿ, ಜಾರದ ಚಾಪೆಯ ಮೇಲೆ ಪಟ್ಟಿಯಿಂದ ಬಿಗಿದಿರಲಿ. ಗಟ್ಟಿಯಾಗುವ ಜೇಡಿಯ ಪುಡಿ ಬೇಡ: ಮರಿ ನೆಕ್ಕಿದರೆ ಹೊಟ್ಟೆಯಲ್ಲಿ ಗಡ್ಡೆ ಕಟ್ಟಬಹುದು, ಬಿಲ್ಜಿಗೆ ಇಳಿದರೆ ಪಂಪ್ ಕಟ್ಟುತ್ತದೆ. ಮರದ ಹೊಟ್ಟಿನ ಗುಳಿಗೆಗಳನ್ನು 3–4 ಸೆಂಟಿಮೀಟರ್ ಹಾಕಿ. ದಿನಕ್ಕೆರಡು ಸಲ ತೆಗೆಯಿರಿ, ದೋಣಿಯ ಶೌಚಾಲಯಕ್ಕೆ ಸುರಿಯಬೇಡಿ.

ದೋಣಿಯಲ್ಲಿ ಬೆಕ್ಕಿಗೆ ವಿಷವಾಗುವವು ಬಹಳ ಇವೆ. ಎಂಜಿನ್ ತಂಪುಗೊಳಿಸುವ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಒಂದು ಟೀ ಚಮಚದಷ್ಟು ಸಾಕು, ಮೂತ್ರಪಿಂಡ ಸೋತು ಬೆಕ್ಕು ಸಾಯುತ್ತದೆ. ನೆಕ್ಕಿದ ಅನುಮಾನ ಬಂದರೂ ಕಾಯದೆ ವೈದ್ಯರಲ್ಲಿಗೆ ಓಡಬೇಕು. ಪ್ಯಾರಾಸಿಟಮಾಲ್ ಪ್ರಾಣಾಂತಿಕ. ಇರುವೆ, ಜಿರಲೆಗೆ ಹೊಡೆಯುವ ಪರ್ಮೆಥ್ರಿನ್, ನಾಯಿಗೆ ಹಾಕುವ ಚಿಗಟದ ಔಷಧಿ ಎರಡೂ ಬೇಡ. ಕಾಲಿಗೆ ಡೀಸೆಲ್ ತಾಗಿದರೆ ನೆಕ್ಕುವ ಮುನ್ನ ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಹಾಯಿ ಹೊಲಿಯುವ ದಾರ, ಗಾಳದ ನೂಲು ನುಂಗಿದರೆ ಕರುಳು ಮುದುಡುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಕಂಡರೆ ಎಳೆಯಬೇಡಿ, ಕರುಳು ಸೀಳಬಹುದು.

ರಾತ್ರಿಯ ಕೂಗಿಗೆ ಬರೋಣ. ಬೆಕ್ಕು ಮುಸ್ಸಂಜೆ ಮತ್ತು ನಸುಕಿನಲ್ಲಿ ಚುರುಕಾಗುವ ಪ್ರಾಣಿ. ನೀವು ಮಲಗುವ ಮುನ್ನ ಕೋಲಿಗೆ ಕಟ್ಟಿದ ಗರಿ ಆಡಿಸಿ ಹದಿನೈದು ನಿಮಿಷ ಬೇಟೆಯಾಡಿಸಿ, ಕೂಡಲೇ ದಿನದ ದೊಡ್ಡ ಊಟ ಕೊಡಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ ಎಂಬುದು ಅದರ ಸಹಜ ಸರಣಿ. ಮೂರು ಗಂಟೆಗೆ ಕೂಗಿದರೆ ತಟ್ಟೆ, ನೀರು ಸರಿಯಿದೆಯೆಂದು ಮೊದಲೇ ನೋಡಿರುವುದರಿಂದ ಏಳಬೇಡಿ, ಮಾತಾಡಬೇಡಿ, ಬಯ್ಯಲೂಬೇಡಿ. ಬೈಗುಳವೂ ಅದಕ್ಕೆ ಉತ್ತರವೇ. ಮೊದಲ ಕೆಲವು ರಾತ್ರಿ ಕೂಗು ಇನ್ನೂ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಹೆಚ್ಚಾದಾಗ ಸೋಲುವುದರಿಂದಲೇ ಬಹಳ ಜನ ಕೆಡುತ್ತಾರೆ. ದೀರ್ಘ ಯಾನದಲ್ಲಿ ಪಾಳಿಯ ಮೇಲೆ ಎಚ್ಚರವಿರುವಾಗ ಒಬ್ಬರಲ್ಲ ಒಬ್ಬರು ಎದ್ದೇ ಇರುತ್ತೀರಿ, ಮರಿ ಎದ್ದವರನ್ನೆಲ್ಲ ಊಟಕ್ಕೆ ಪೀಡಿಸುತ್ತದೆ. ಅದಕ್ಕೆ ರಾತ್ರಿಯ ಒಂದೇ ಒಂದು ಪಾಳಿ ಬದಲಾವಣೆಯನ್ನು ಊಟದ ಹೊತ್ತೆಂದು ನಿಗದಿ ಮಾಡಿ, ಉಳಿದ ಹೊತ್ತು ಇಬ್ಬರೂ ಕೊಡಬೇಡಿ.

ನಾಲ್ಕೈದು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗಂಡು ಬೆಕ್ಕು ಮೂತ್ರ ಚಿಮ್ಮಿಸಿ ಗುರುತು ಹಾಕಲು ಶುರುಮಾಡಿದ ಮೇಲೆ ಮುಚ್ಚಿದ ಕ್ಯಾಬಿನ್ನಿನಿಂದ ಆ ವಾಸನೆ ಹೋಗುವುದಿಲ್ಲ, ಹೆಣ್ಣಾದರೆ ಸಂಗಾತಿ ಅರಸಿ ಜೆಟ್ಟಿ ದಾಟುತ್ತದೆ. ಅದೇ ಸಮಯಕ್ಕೆ 15 ಅಂಕೆಯ ಮೈಕ್ರೋಚಿಪ್ ಹಾಕಿಸಿ. ಬೇರೆ ದೇಶದ ಬಂದರಿಗೆ ಹೋಗುವ ಆಲೋಚನೆ ಇದ್ದರೆ ಚಿಪ್ ಮೊದಲು, ರೇಬೀಸ್ ಲಸಿಕೆ ನಂತರ ಎಂಬ ಕ್ರಮ ತಪ್ಪಬಾರದು. ಚಿಪ್ಪಿಗೆ ಮುಂಚಿನ ಲಸಿಕೆಯನ್ನು ಅನೇಕ ದೇಶಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಡೆಕ್ ಮೇಲೆ ಯಾವಾಗ ಎಂದು ಕೇಳಿದ್ದೀರಿ. ಸೀಟಿಗೆ ಹತ್ತರಲ್ಲಿ ಒಂಬತ್ತು ಸಲ ಬರುವಂತಾಗಿ, ಹಾರ್ನೆಸ್ ತೊಟ್ಟು ಆರಾಮವಾಗಿ ಓಡಾಡಿ, ಕಾರ್ಪೆಟ್ ಪಟ್ಟಿ ಹತ್ತಲು ಬಂದ ಮೇಲೆ, ಲಂಗರು ಹಾಕಿದ ಶಾಂತ ನೀರಿನಲ್ಲಿ, ಹಗಲು, ಹಗ್ಗ ಕಟ್ಟಿಕೊಂಡು ಹತ್ತು ನಿಮಿಷದಿಂದ ಶುರುಮಾಡಿ. ಡೆಕ್ ಮೇಲೆ ಅಂಗೈ ಐದು ಸೆಕೆಂಡು ಇಡಲಾಗದಷ್ಟು ಬಿಸಿಯಿದ್ದರೆ ಬೇಡ, ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಆ ಕ್ಷಣವೇ ಒಳಗೆ ತನ್ನಿ. ಆರೇಳು ತಿಂಗಳಾಗುವ ಹೊತ್ತಿಗೆ ನಿಂತ ದೋಣಿಯಲ್ಲಿ, ಬಲೆಯೊಳಗೆ, ನಿಮ್ಮ ಕಣ್ಣೆದುರಿಗೆ ಹಗ್ಗವಿಲ್ಲದೆ ಬಿಡುವುದು ಸಾಧ್ಯವಾಗಬಹುದು. ದೋಣಿ ಸಾಗುತ್ತಿರುವಾಗ ಕಾಕ್‌ಪಿಟ್ಟಿನಲ್ಲಿ ಹಾರ್ನೆಸ್ ಮತ್ತು ಹಗ್ಗದೊಡನೆ ಮಾತ್ರ. ಕತ್ತಲಾದ ಮೇಲೆ, ಅಲೆ ಎದ್ದಾಗ, ಜೆಟ್ಟಿಗೆ ಕಟ್ಟುವ ಬಿಚ್ಚುವ ಹೊತ್ತಿನಲ್ಲಿ ಅದರ ಜಾಗ ಒಳಗೆ, ಬಾಗಿಲು ಹಾಕಿದ ಕ್ಯಾಬಿನ್ನಿನಲ್ಲಿ. ಬೆಕ್ಕಿಗೆ ಎಷ್ಟೇ ವಯಸ್ಸಾದರೂ ಈ ಕೊನೆಯ ಮಾತನ್ನು ಬದಲಿಸಬೇಡಿ.